ಒಂದೇ ಗಣಕದೊಳಗಿನ ಜಾಲ: ಒಂದು ವಿಮರ್ಶೆ

ಜಾಲದ ಇಂಟರ್‌ಫೇಸುಗಳನ್ನೂ ಮಾರ್ಗನಿರ್ಣಯವನ್ನೂ ಒಂದೇ ಗಣಕದಲ್ಲಿ ಪರೀಕ್ಷಿಸಬಹುದೆಂಬ ಮಾತು ನಮ್ಮ ಪ್ರಯೋಗಶಾಲೆಗಳಲ್ಲಿ ರೂಢವಾಗಿದೆ. ಅದರ ಸತ್ಯಾಂಶವೆಷ್ಟೆಂಬುದು ವಿಚಾರಾರ್ಹವಾದುದು.

ಲಿನಕ್ಸ್ ಗಣಕವೊಂದರ ಎರಡು ಈಥರ್‌ನೆಟ್ ಕಾರ್ಡುಗಳನ್ನು ತಂತಿಯಿಂದ ಜೋಡಿಸಿ, ಅವುಗಳಲ್ಲೊಂದರ ವಿಳಾಸಕ್ಕೆ ಪಿಂಗ್ ಕಳುಹಿಸಿದರೆ ಉತ್ತರ ಬರುತ್ತದೆ. ವಿಳಾಸಗಳು ಉಳಿದಿರುವವರೆಗೆ ತಂತಿಯನ್ನು ಕಿತ್ತರೂ ಉತ್ತರ ಬರುತ್ತದೆ! ಎರಡೂ ವಿಳಾಸಗಳು ತನ್ನವೇ ಎಂದು ಬಲ್ಲ ಕರ್ನಲ್, ಪ್ಯಾಕೆಟ್ಟನ್ನು ಹೊರಗೆ ಬಿಡದೆ ಲೂಪ್‌ಬ್ಯಾಕಿನ ಮೂಲಕ ಒಳಗೊಳಗೇ ಮುಟ್ಟಿಸಿಬಿಡುತ್ತದೆ. ಹೀಗೆ ಪರೀಕ್ಷೆ ನಡೆದಂತೆ ತೋರಿದರೂ ಪರೀಕ್ಷಿತವಾದುದು ತಂತಿಯೂ ಅಲ್ಲ, ಕಾರ್ಡೂ ಅಲ್ಲ.

ಈ ದೋಷಕ್ಕೆ ಪರಿಹಾರವುಂಟು. ನೆಟ್‌ವರ್ಕ್ ನೇಮ್‌ಸ್ಪೇಸುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಇಂಟರ್‌ಫೇಸುಗಳೂ ಮಾರ್ಗಪಟ್ಟಿಯೂ ಇರುತ್ತವೆ. ಕಾರ್ಡುಗಳನ್ನು ಎರಡು ನೇಮ್‌ಸ್ಪೇಸುಗಳಿಗೆ ಹಂಚಿದೊಡನೆ ಪ್ಯಾಕೆಟ್ಟು ತಂತಿಯ ದಾರಿಯನ್ನೇ ಹಿಡಿಯಬೇಕಾಗುತ್ತದೆ. ಲ್ಯಾಂಟ್ಸ್, ಹೆಲ್ಲರ್ ಮತ್ತು ಮೆಕ್ಯೂನ್ ಅವರು 2010ರಲ್ಲಿ ಪ್ರಬಂಧರೂಪದಲ್ಲಿ ನಿರೂಪಿಸಿದ ಮಿನಿನೆಟ್ ಈ ನೇಮ್‌ಸ್ಪೇಸುಗಳನ್ನೇ ಆಧರಿಸಿ, ಒಂದು ಲ್ಯಾಪ್‌ಟಾಪಿನೊಳಗೆ ಇಡೀ ಜಾಲವನ್ನು ಕಟ್ಟಿತು. ಹಣವಿಲ್ಲದ ಕಾಲೇಜಿಗೆ ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಅಲ್ಲಿನ ಕೊಂಡಿಗಳು ಕಲ್ಪಿತವಾದವು. ಎಲ್ಲ ನೋಡುಗಳೂ ಒಂದೇ ಪ್ರೊಸೆಸರನ್ನು ಹಂಚಿಕೊಳ್ಳುತ್ತವೆ. ಹೊರೆ ಹೆಚ್ಚಿದಾಗ ವೇಗ ಮತ್ತು ವಿಳಂಬದ ಅಳತೆಗಳು ನಂಬಿಕೆಗೆ ಅರ್ಹವಾಗಿರುವುದಿಲ್ಲ. ಈ ಕೊರತೆಯನ್ನು ಅದೇ ಲೇಖಕರು ಸಹೋದ್ಯೋಗಿಗಳೊಡನೆ 2012ರಲ್ಲಿ ಸ್ವತಃ ಎತ್ತಿಕೊಂಡು ತಿದ್ದಲು ಯತ್ನಿಸಿದುದು ಪ್ರಶಂಸನೀಯ.

ಆದುದರಿಂದ ಇಂತಹ ಜಾಲವು ಮಾರ್ಗಪಟ್ಟಿಯ ಸರಿತಪ್ಪುಗಳಿಗೆ ಉತ್ತಮ ಸಾಕ್ಷಿ. ಯಂತ್ರಭಾಗಗಳ ಗುಣಕ್ಕೆ ಅದರ ಸಾಕ್ಷ್ಯ ಸಲ್ಲದು. ವರದಿ ಬರೆಯುವ ವಿದ್ಯಾರ್ಥಿಯು ತನ್ನ ಪ್ಯಾಕೆಟ್ಟು ಯಾವ ದಾರಿಯಲ್ಲಿ ಹೋಯಿತೆಂಬುದನ್ನು ಮೊದಲು ಸ್ಪಷ್ಟಪಡಿಸತಕ್ಕದ್ದು.