ಕೌಡೂರಿನ ಹೆಗ್ಡೆ: ತೀರ್ಪುಗಾರರೂ ಸ್ಪೀಕರೂ

ಕೆ.ಎಸ್. ಹೆಗ್ಡೆ ಎಂದೊಡನೆ ನಮ್ಮವರಿಗೆ ನೆನಪಾಗುವುದು 1973ರ ಏಪ್ರಿಲ್‌ನ ರಾಜೀನಾಮೆ. ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ತೀರ್ಪು ಬರೆದವರಲ್ಲೊಬ್ಬರು ಕಾರ್ಕಳ ಸೀಮೆಯವರು. ಕರಾವಳಿಯವರು ಇದನ್ನು ಹೆಮ್ಮೆಯಿಂದ ಹೇಳಿಕೊಂಡರೆ ತಪ್ಪೇನಿಲ್ಲ. ತೀರ್ಪು ಬಂದ ಬೆನ್ನಿಗೇ ಶೆಲಟ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನೂ ಬದಿಗಿಟ್ಟು ಇಂದಿರಾ ಗಾಂಧಿ ಸರ್ಕಾರ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ಹುದ್ದೆ ಬಿಟ್ಟು ಹೊರನಡೆದರು.

ಆ ರಾಜೀನಾಮೆಯ ಪ್ರಭೆಯಲ್ಲಿ ಹೆಗ್ಡೆಯವರ ಸಂಸದೀಯ ಬದುಕು ಮಸುಕಾಗಿದೆ. ಮಂಗಳೂರಿನಲ್ಲಿ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದ ಈ ವಕೀಲರು 1952ರಲ್ಲೇ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋಗಿದ್ದರು. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದಾಗಲೂ ಜನತಾ ಪಕ್ಷದ ಹೆಗ್ಡೆ ಬೆಂಗಳೂರು ದಕ್ಷಿಣದಲ್ಲಿ ಕೆಂಗಲ್ ಹನುಮಂತಯ್ಯನವರನ್ನು ಸೋಲಿಸಿದರು. ಸಂಜೀವ ರೆಡ್ಡಿ ರಾಷ್ಟ್ರಪತಿ ಚುನಾವಣೆಗೆಂದು ಲೋಕಸಭೆಯ ಸ್ಪೀಕರ್ ಪೀಠ ತೊರೆದ ಮೇಲೆ ಅದೂ ಹೆಗ್ಡೆಯವರಿಗೇ ಬಂತು.

ಅವರನ್ನು ಅಳೆಯಬೇಕಾದದ್ದು 1978ರ ಡಿಸೆಂಬರ್ 19ರಿಂದ. ಮಾರುತಿ ಕಂಪನಿ ಕುರಿತ ಸಂಸತ್ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಅಡ್ಡಿಪಡಿಸಿದರೆಂಬ ಹಕ್ಕುಚ್ಯುತಿ ಆರೋಪದ ಮೇಲೆ, ಆಗತಾನೇ ಚಿಕ್ಕಮಗಳೂರಿನಿಂದ ಗೆದ್ದುಬಂದಿದ್ದ ಇಂದಿರಾ ಗಾಂಧಿಯವರನ್ನು ಲೋಕಸಭೆ ಅಂದು ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ಹೆಗ್ಡೆ ಹಗೆ ತೀರಿಸಿಕೊಂಡರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿರ್ಣಯ ಸದನದ್ದು, ಅದನ್ನು ತಳ್ಳಿಹಾಕುವ ಅಧಿಕಾರ ಸ್ಪೀಕರ್‌ಗೆ ಇರಲಿಲ್ಲ. ಆದರೂ ನನ್ನ ತಕರಾರು ಉಳಿದೇ ಇದೆ. ಬಹುಮತಕ್ಕೂ ಒಂದು ಗಡಿಯಿದೆ ಎಂದು ತೀರ್ಪು ಬರೆದು ಅದಕ್ಕೆ ಬೆಲೆ ತೆತ್ತವರು ಅವರು. ಒಂದು ಕ್ಷೇತ್ರದ ಮತದಾರರು ಆರಿಸಿ ಕಳಿಸಿದವರನ್ನು ಅದೇ ಬಹುಮತ ಹೊರಗಟ್ಟಿದ್ದು ಅವರದೇ ಅಧ್ಯಕ್ಷತೆಯ ಸದನದಲ್ಲಿ. ತಪ್ಪಿಗೆ ಛೀಮಾರಿ ಸಾಕಿತ್ತು. ಆ ಅಧ್ಯಾಯ ಅವರ ಬದುಕಿನ ಎತ್ತರಕ್ಕೆ ತಕ್ಕದ್ದಲ್ಲ.

ಹಾಗಾಗಿ ನನ್ನ ಲೆಕ್ಕದಲ್ಲಿ ಸ್ಪೀಕರ್ ಹೆಗ್ಡೆಗಿಂತ ನ್ಯಾಯಮೂರ್ತಿ ಹೆಗ್ಡೆಯೇ ದೊಡ್ಡವರು. ಉಚ್ಚಾಟನೆಯ ನಿರ್ಣಯವನ್ನು 1981ರ ಮೇ ತಿಂಗಳಲ್ಲಿ ಮುಂದಿನ ಲೋಕಸಭೆ ರದ್ದುಮಾಡಿತು. ಕೇಶವಾನಂದ ತೀರ್ಪನ್ನು ಇಂದಿಗೂ ಯಾರೂ ಅಳಿಸಿಲ್ಲ.