ಮೇಕೆ ಕಾಯುವ ಹುಡುಗ, ಮಾತಾಡುವ ಡ್ರ್ಯಾಗನ್

ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರೇ ಆಗಿರುತ್ತಾರಲ್ಲ, ಅವರು ಹುಡುಗರಾಗಿದ್ದಾಗ ಹೇಗಿದ್ದರು, ವಿದ್ಯೆ ಕಲಿತದ್ದೆಲ್ಲಿ? ಹದಿಹರೆಯದವರಿಗೊಂದು ಪುಸ್ತಕ ಬರೆದುಕೊಡಿ ಎಂದು ಕ್ಯಾಲಿಫೋರ್ನಿಯಾದ ಪಾರ್ನಾಸಸ್ ಪ್ರೆಸ್‌ನ ಪ್ರಕಾಶಕರು ಕೇಳಿದಾಗ ಅರ್ಸುಲಾ ಕೆ. ಲೆ ಗ್ವಿನ್ ಅವರಿಗೆ ಎದ್ದ ಪ್ರಶ್ನೆ ಇದು. 1968ರಲ್ಲಿ 'ಎ ವಿಝರ್ಡ್ ಆಫ್ ಅರ್ಥ್‌ಸೀ' ಬಂತು. ಮಾಂತ್ರಿಕರ ಶಾಲೆ ಎಂದರೆ ಇಂದಿನ ಮಕ್ಕಳಿಗೆ ಹ್ಯಾರಿ ಪಾಟರನೇ ನೆನಪು. ಅವನಿಗಿಂತ ಸುಮಾರು ಮೂವತ್ತು ವರ್ಷ ಮೊದಲೇ, ಗಾಂಟ್ ದ್ವೀಪದಲ್ಲಿ ಮೇಕೆ ಕಾಯುತ್ತಿದ್ದ ಗೆಡ್ ಎಂಬ ಹುಡುಗ ರೋಕ್ ದ್ವೀಪದ ಶಾಲೆಗೆ ಹಡಗು ಹತ್ತಿದ್ದ.

ಈ ಬಗೆಯ ಕಾದಂಬರಿ ಕೈಗೆ ಸಿಕ್ಕಾಗ ನಾನು ಮೊದಲು ನೋಡುವುದು ಮಂತ್ರ ಬಲ್ಲವನು ಅದನ್ನು ಎಲ್ಲಿ ಬಳಸದೆ ಬಿಡುತ್ತಾನೆ ಎಂಬುದನ್ನು. ಗೆಡ್‌ನ ಮೊದಲ ಗುರು ಓಗಿಯಾನ್ ಮಳೆಯಲ್ಲಿ ನೆನೆಯುತ್ತಾ ನಡೆಯುತ್ತಾನೆ. ಬೇರೆ ಮಂತ್ರವಾದಿಗಳು ಮೋಡವನ್ನು ಪಕ್ಕದೂರಿಗೆ ತಳ್ಳುತ್ತಾರೆ, ಅಲ್ಲಿಯವನು ಅದನ್ನು ಇನ್ನೊಂದು ಊರಿಗೆ ಅಟ್ಟುತ್ತಾನೆ. ಓಗಿಯಾನ್ ಮಾತ್ರ ಮಳೆಯನ್ನು ಅದರ ಪಾಡಿಗೆ ಸುರಿಯಲು ಬಿಟ್ಟು ಮರದಡಿ ಮಲಗುತ್ತಾನೆ. ಇಷ್ಟೆಲ್ಲ ಶಕ್ತಿಯಿದ್ದೂ ಯಾಕೆ ಒದ್ದೆಯಾಗಬೇಕು ಎಂದು ಹುಡುಗ ಒಳಗೊಳಗೇ ಕುದಿಯುತ್ತಾನೆ. ಮುಂದೆ ರೋಕ್‌ನಲ್ಲಿ ಸಹಪಾಠಿಯೊಬ್ಬನ ಹಂಗಿಸುವ ಮಾತಿಗೆ ಕೆರಳಿ, ಸತ್ತವಳೊಬ್ಬಳನ್ನು ಕರೆಯಲು ಹೋಗಿ, ಹೆಸರಿಲ್ಲದ ನೆರಳೊಂದನ್ನು ಲೋಕಕ್ಕೆ ಬಿಟ್ಟುಬಿಡುವ ಅನಾಹುತಕ್ಕೆ ಬೀಜ ಬಿದ್ದದ್ದು ಆ ಮಳೆಯಲ್ಲೇ. ಉಪದೇಶದ ಒಂದು ವಾಕ್ಯವೂ ಬೇಕಾಗಿಲ್ಲ.

ಆಮೇಲೆ ಡ್ರ್ಯಾಗನ್‌ಗಳ ದ್ವೀಪ ಪೆಂಡೋರ್‌ನ ಪ್ರಸಂಗ. ಡ್ರ್ಯಾಗನ್ ಬಂದ ಕೂಡಲೇ ಕತ್ತಿ ಹಿರಿಯುವ ಕತೆಗಳಿಗೆ ಒಗ್ಗಿಹೋದ ಮಕ್ಕಳು ಇದನ್ನೊಮ್ಮೆ ಓದಬೇಕು. ಬಡ ಮೀನುಗಾರರ ದ್ವೀಪಗಳ ಕಾವಲಿಗೆ ನಿಂತ ಗೆಡ್‌ಗೆ ಹಿಂದೆ ಅಟ್ಟಿಬರುವ ನೆರಳು, ಮುಂದೆ ಡ್ರ್ಯಾಗನ್‌ಗಳ ಹೆದರಿಕೆ. ಒಂದನ್ನಾದರೂ ಮುಗಿಸೋಣ ಎಂದು ಅವನೇ ದೋಣಿಯೇರಿ ಹೋಗುತ್ತಾನೆ. ಮರಿಗಳೊಡನೆ ಕಾದಾಟವೇನೋ ಇದೆ, ಲೇಖಕಿ ಅದನ್ನು ಬೇಗ ಮುಗಿಸುತ್ತಾರೆ. ಅವರಿಗೆ ಬೇಕಾದದ್ದು ಮುದಿ ಡ್ರ್ಯಾಗನ್ ಜೊತೆಗಿನ ಚೌಕಾಸಿ. ಹಳೆಯ ಚರಿತ್ರೆಗಳನ್ನು ಓದಿ ಊಹಿಸಿದ ಅದರ ನಿಜನಾಮವನ್ನು ಗೆಡ್ ಉಚ್ಚರಿಸುತ್ತಾನೆ: ಯೆವಾಡ್. ಊಹೆ ಸರಿಯಾಗಿದೆ, ನಿಜನಾಮ ಬಲ್ಲವನಿಗೆ ಡ್ರ್ಯಾಗನ್ ಮೇಲೆ ಹಿಡಿತ ಸಿಗುತ್ತದೆ. ಡ್ರ್ಯಾಗನ್ ಕೂಡ ಬೆಲೆ ಕಟ್ಟುತ್ತದೆ, ನಿನ್ನ ಬೆನ್ನುಹತ್ತಿದ ನೆರಳಿನ ಹೆಸರು ಹೇಳುತ್ತೇನೆ ಎನ್ನುತ್ತದೆ. ಅವನ ಜೀವವೇ ಉಳಿಯುವ ಮಾತು. ಗೆಡ್ ಅದನ್ನು ಬಿಟ್ಟು, ಯೆವಾಡ್ ಮತ್ತು ಅದರ ಮರಿಗಳು ಇನ್ನೆಂದೂ ಆ ದ್ವೀಪಗಳತ್ತ ಹಾರಬಾರದೆಂಬ ಆಣೆ ಪಡೆದು ಬರುತ್ತಾನೆ. ಡ್ರ್ಯಾಗನ್ ಇಲ್ಲಿ ಮೃಗವಲ್ಲ, ಸವಾರಿಯೂ ಅಲ್ಲ. ತನ್ನದೇ ಬುದ್ಧಿ, ತನ್ನದೇ ಕುಯುಕ್ತಿ ಇರುವ ಪರಕೀಯ ಜೀವ. ನಿಜನಾಮಗಳ ಆದಿಭಾಷೆಯಲ್ಲಿ ಮನುಷ್ಯರು ಸುಳ್ಳು ಹೇಳಲಾರರು, ಡ್ರ್ಯಾಗನ್‌ಗಳು ಹೇಳಬಲ್ಲವು. ಇದೇ ಸರಣಿಯ ಮೂರನೆಯ ಪುಸ್ತಕ 'ದ ಫಾರ್ದೆಸ್ಟ್ ಶೋರ್' ತುಸು ಉಪದೇಶದ ಭಾರಕ್ಕೆ ಬಾಗುತ್ತದೆ, ನಿಜ. ಆದರೂ ಅಲ್ಲಿ ಮಾತು ಕಳೆದುಕೊಂಡ ಡ್ರ್ಯಾಗನ್‌ಗಳು ಒಂದನ್ನೊಂದು ತಿನ್ನುವುದನ್ನು ಓದಿ ಮೈ ನಡುಗದೆ ಇರದು.

ಇದರ ಪಕ್ಕದಲ್ಲಿ ಕ್ರಿಸ್ಟೋಫರ್ ಪಾವೊಲಿನಿಯ 'ಎರಗಾನ್' ಇಟ್ಟು ನೋಡಿ. ಹದಿನೈದರ ವಯಸ್ಸಿಗೆ ಬರೆಯಲು ಕೂತು, 2002ರಲ್ಲಿ ಮನೆಯವರೇ ಅಚ್ಚು ಹಾಕಿಸಿದ ಪುಸ್ತಕ ಅದು. ಆ ವಯಸ್ಸಿನಲ್ಲಿ ಅಂಥ ಓಟ ಸಾಧಿಸಿದ್ದು ಸಣ್ಣ ಮಾತಲ್ಲ. ನಿಜನಾಮ, ಸುಳ್ಳಾಡಲಾಗದ ಪುರಾತನ ಭಾಷೆ ಎಲ್ಲವೂ ಅಲ್ಲಿವೆ. ಮಂತ್ರ ಹಾಕಿದಷ್ಟೂ ಮೈಯ ಶಕ್ತಿ ಇಳಿಯುತ್ತದೆ ಎಂಬ ಲೆಕ್ಕವೂ ಉಂಟು. ಲೆಕ್ಕ ಅಲ್ಲಿಗೇ ನಿಲ್ಲುತ್ತದೆ. ದಣಿದವನು ನಿದ್ದೆ ಮಾಡಿ ಎದ್ದರೆ ಸಾಲ ತೀರಿತು. ಸಫೀರಾ ಎಂಬ ಡ್ರ್ಯಾಗನ್ ಮುದ್ದಾಗಿದೆ, ಜಾಣೆಯೂ ಹೌದು. ಆದರೆ ಮೊಟ್ಟೆಯೊಡೆದಾಗಿನಿಂದ ಅದು ನಾಯಕನದೇ ಬಳಗ. ಅದರ ಮನಸ್ಸಿನಲ್ಲಿ ಏನಿದೆಯೋ ಎಂಬ ಭಯ ನಮಗೆ ಹುಟ್ಟುವುದೇ ಇಲ್ಲ.

ಅರ್ಥ್‌ಸೀಯಲ್ಲಿ ಕುಂದಿಲ್ಲವೆಂದಲ್ಲ. ರೋಕ್ ಶಾಲೆಗೆ ಹುಡುಗಿಯರಿಗೆ ಪ್ರವೇಶವಿಲ್ಲ, ಹೆಂಗಸರ ಮಂತ್ರವೆಂದರೆ ದುರ್ಬಲ, ಕೆಡುಕು ಎಂಬ ಗಾದೆಗಳು ಮೊದಲ ಪುಸ್ತಕದಲ್ಲಿ ಯಾರ ತಕರಾರೂ ಇಲ್ಲದೆ ಸಾಗಿಹೋಗುತ್ತವೆ. ಕಂದುಬಣ್ಣದ ಜನರ ಲೋಕವನ್ನು 1968ರಲ್ಲೇ ಕಟ್ಟಿದ ಲೇಖಕಿಗೂ ಇದು ಕಾಣಲಿಲ್ಲ. ಕಂಡ ಮೇಲೆ ಅವರು ಮಾಡಿದ ಕೆಲಸ ಅಪರೂಪದ್ದು. 1990ರ 'ತೆಹಾನು'ವಿನಲ್ಲಿ ತಮ್ಮದೇ ಲೋಕವನ್ನು ಅಡುಗೆಮನೆಯ ಕಡೆಯಿಂದ ನೋಡಿದರು. ಎರಡನೆಯ ಪುಸ್ತಕ 'ದ ಟೂಮ್ಸ್ ಆಫ್ ಅಟುವಾನ್'ನಲ್ಲಿ ನೆಲದಡಿಯ ಚಕ್ರವ್ಯೂಹದಿಂದ ಪಾರಾಗಿ ಬಂದಿದ್ದ ತೆನಾರ್ ಈಗ ನಡುವಯಸ್ಸಿನ ರೈತ ವಿಧವೆ. ಶಕ್ತಿಯೆಲ್ಲ ಬರಿದಾದ ಗೆಡ್ ನಾಚಿಕೆಯಿಂದ ಮುಖ ಮರೆಸಿಕೊಳ್ಳುತ್ತಾನೆ. ಬೆಂಕಿಗೆ ತಳ್ಳಲ್ಪಟ್ಟು ಅರ್ಧ ಮುಖ ಸುಟ್ಟುಹೋದ ಮಗುವೊಂದನ್ನು ತೆನಾರ್ ಸಾಕುತ್ತಾಳೆ. ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ನನ್ನ ತಕರಾರು ಬೇರೆ: ಯಾವ ಮಂತ್ರವೂ ಯಾರನ್ನೂ ಉಳಿಸಲಾರದೆಂದು ಅಷ್ಟು ಪುಟ ತಾಳ್ಮೆಯಿಂದ ತೋರಿಸಿ, ಕೊನೆಗೆ ಡ್ರ್ಯಾಗನ್ ಕರೆಸಿ ಖಳರನ್ನು ಸುಡಿಸುವುದು ಅವಸರದ ಕೆಲಸ. ಖಳರೂ ಒಂದೇ ಅಚ್ಚಿನವರು.

ಮನೆಯ ಮಕ್ಕಳು ಕೇಳಿದರೆ ಹನ್ನೆರಡರ ಹೊತ್ತಿಗೆ ಮೊದಲ ಪುಸ್ತಕ ಕೊಡಬಹುದು, ಬೆನ್ನಿಗೇ 'ದ ಟೂಮ್ಸ್ ಆಫ್ ಅಟುವಾನ್'. 'ತೆಹಾನು' ಹದಿನಾರು ದಾಟಿದ ಮೇಲಿರಲಿ, ಅದನ್ನು ದೊಡ್ಡವರು ಮೊದಲು ಓದಿಕೊಂಡರೆ ಒಳ್ಳೆಯದು. 2004ರ ಅರ್ಥ್‌ಸೀ ಟಿವಿ ಸರಣಿಯನ್ನು ಮಾತ್ರ ಹುಡುಕಲು ಹೋಗಬೇಡಿ. ಅದರಲ್ಲಿ ಗೆಡ್ ಬಿಳಿಯನಾಗಿಬಿಟ್ಟಿದ್ದಾನೆ. ಲೆ ಗ್ವಿನ್ ಅದನ್ನು ಬಹಿರಂಗವಾಗಿಯೇ ಖಂಡಿಸಿ ಬರೆದರು.