ಅಳಿದ ಹಾಡಿಗೆ ರಾಕ್ ಸಂಗೀತ

ಮಸಾಕಿ ಯುವಾಸಾ ನಿರ್ದೇಶಿಸಿದ ಅನಿಮೇಷನ್ ಚಿತ್ರ ‘ಇನು-ಓ’ (2021) 14ನೇ ಶತಮಾನದ ಜಪಾನಿನಲ್ಲಿ ನಡೆಯುತ್ತದೆ. ವಿಕಾರ ದೇಹದೊಂದಿಗೆ ಹುಟ್ಟಿದ್ದಕ್ಕೆ ಮನೆಯವರೇ ನಾಯಿಯಂತೆ ಹೊರಗಿಟ್ಟ, ಸರುಗಾಕು ಎಂಬ ರಂಗಕಲೆಯ ಕುಣಿತಗಾರ ಇನು-ಓ ಮತ್ತು ಬಿವಾ ಎಂಬ ತಂತಿವಾದ್ಯ ನುಡಿಸುವ ಕುರುಡ ಟೊಮೊನಾ ಜೊತೆಯಾಗುತ್ತಾರೆ. 1185ರ ದನ್-ನೊ-ಉರಾ ಕಾಳಗದಲ್ಲಿ ಕಡಲುಪಾಲಾದ ಹೇಯ್ಕೆ ಕುಲದವರ ಕುರಿತು ಯಾರೂ ಹೇಳದ ಕಥೆಗಳನ್ನು ಇಬ್ಬರೂ ಕ್ಯೋಟೊದ ಜನರ ಮುಂದೆ ಹಾಡಿ ಕುಣಿಯುತ್ತಾರೆ. ಕಣ್ಣಿಗೆ ಕಾಣುವುದು ಬಿವಾ, ಕಿವಿಗೆ ಬೀಳುವುದು ಎಲೆಕ್ಟ್ರಿಕ್ ಗಿಟಾರು. ಆ ಕಾಲಕ್ಕೆ ಇದು ಶುದ್ಧ ಆಭಾಸ ಎಂಬುದು ಚಿತ್ರದ ಮೇಲಿರುವ ದೊಡ್ಡ ಆಕ್ಷೇಪ. ಚಿತ್ರ ಇತಿಹಾಸಕ್ಕೆ ನಿಷ್ಠವಾಗಿರುವುದೇ ಈ ಆಭಾಸದಿಂದ ಎಂಬುದು ನನ್ನ ವಾದ.

ಇನು-ಓ ಕಲ್ಪನೆಯ ಕೂಸಲ್ಲ. ಓಮಿ ಪ್ರಾಂತದ ಈ ನಟನನ್ನು ನೋ ರಂಗಭೂಮಿಯ ಮಹಾಗುರು ಝೆಯಾಮಿಯೇ ತನ್ನ ಬರಹಗಳಲ್ಲಿ ಹೊಗಳಿದ್ದಾನೆ. 1413ರಲ್ಲಿ ತೀರಿಕೊಂಡ ಇನು-ಓನ ಒಂದು ಕೃತಿಯೂ ಉಳಿದಿಲ್ಲ. ಝೆಯಾಮಿಯ ನಾಟಕ, ಗ್ರಂಥಗಳು ಉಳಿದು ನೋ ಪರಂಪರೆಯ ಬುನಾದಿಯಾದವು. ಹೀಗಿರುವಾಗ ಇನು-ಓನ ಬಾಯಲ್ಲಿ ಇಂದಿನ ನೋ ಶೈಲಿಯ ನಿಧಾನದ ಹಾಡು ಹಾಡಿಸಿದ್ದರೆ, ಅದು ಅವನ ಪ್ರತಿಸ್ಪರ್ಧಿಯ ವಂಶದ ದನಿಯಾಗುತ್ತಿತ್ತು. ನೋಗೆ ಮೂಲವಾದ ಅಂದಿನ ಸರುಗಾಕು ಗಂಭೀರ ಕಲೆಯೆಂದು ಎಲ್ಲರೂ ಒಪ್ಪಿದ್ದೂ ಅಲ್ಲ. 1378ರಲ್ಲಿ ದೇಶವಾಳುವ ಸೇನಾಧಿಪತಿ, ಶೋಗನ್ ಯೊಶಿಮಿತ್ಸು ಬಾಲಕ ಝೆಯಾಮಿಯನ್ನು ಗಿಯೋನ್ ಉತ್ಸವದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡಾಗ, ಸರುಗಾಕು ಭಿಕ್ಷುಕರ ಕಸುಬೆಂದು ಆಸ್ಥಾನಿಕನೊಬ್ಬ ದಿನಚರಿಯಲ್ಲಿ ಹಳಿದ. ಸಂಗೀತ ನಿರ್ದೇಶಕ ಓಟೊಮೊ ಯೊಶಿಹಿಡೆಯ ರಾಕ್ ನಾದ ಮತ್ತು ಇನು-ಓಗೆ ದನಿ ನೀಡಿದ ಅವು-ಚಾನ್‌ರ ಕಿರುಚುವ ಕಂಠ ನಮಗೆ ಮುಟ್ಟಿಸುವುದು ಆ ಮಡಿವಂತರ ಕಿರಿಕಿರಿಯನ್ನು, ಬೀದಿಯ ಜನರ ಹುಚ್ಚನ್ನು.

ಇತಿಹಾಸವನ್ನು ತಿರುಚಲಾಗಿದೆ ಎಂಬ ಇನ್ನೊಂದು ದೂರಿನಲ್ಲಿ ಹುರುಳಿದೆ. ಚಿತ್ರದಲ್ಲಿ ಹೇಯ್ಕೆ ಕಥೆಗೆ ಒಂದೇ ಪಾಠವಿರಬೇಕೆಂದು ಶೋಗನ್ ಕಟ್ಟಪ್ಪಣೆ ಮಾಡುತ್ತಾನೆ. ನಿಜದಲ್ಲಿ ಪ್ರಮಾಣಪಾಠವನ್ನು 1371ರಲ್ಲಿ ಹೇಳಿ ಬರೆಸಿದವನು ಕಕುಇಚಿ ಎಂಬ ಕುರುಡ ಗಾಯಕನೇ. ಇನು-ಓ ಕೂಡ ಯೊಶಿಮಿತ್ಸುವಿನ ಮೆಚ್ಚಿನ ಕಲಾವಿದನಾಗಿದ್ದ. ಆದರೆ ಪಾಠ ಗಟ್ಟಿಯಾದಾಗ ಅದರಾಚೆಯ ಹಾಡು ಅನಾಥವಾಗುತ್ತದೆ, ಆಶ್ರಯ ಸಿಕ್ಕವನೂ ಅಳಿದುಹೋಗಬಲ್ಲ ಎಂಬ ಚಿತ್ರದ ತಿರುಳಿಗೆ ಇದರಿಂದ ಕುಂದಿಲ್ಲ. ಪ್ರತಿ ಕುಣಿತದೊಂದಿಗೆ ಇನು-ಓನ ಅಂಗಗಳು ನೆಟ್ಟಗಾಗುವುದು ಅಂಗವಿಕಲರಿಗೆ ಅವಮಾನವಲ್ಲವೇ ಎಂದೂ ಕೇಳಬಹುದು. ಮುಂದೆ ಆಗುವುದನ್ನು ಗಮನಿಸಿ: ಅವನು ಪೂರ್ಣ ಸುಂದರನಾದ ಮೇಲೆ ಗೆಳೆಯನ ಪ್ರಾಣಕ್ಕಾಗಿ ತನ್ನ ಹಾಡು ಬಿಟ್ಟು ಶೋಗನ್‌ಗೆ ಬೇಕಾದಂತೆ ಕುಣಿಯುತ್ತಾನೆ. ಹಾಡು ಬಿಡಲೊಪ್ಪದ ಟೊಮೊನಾನ ತಲೆ ಉರುಳುತ್ತದೆ. ಅಂದಗೊಂಡ ದೇಹ ಇಲ್ಲಿ ಗೆಲುವಿನ ಗುರುತಲ್ಲ, ಅಧಿಕಾರ ಒಪ್ಪಿಕೊಳ್ಳಬಲ್ಲ ರೂಪ.

ನಡುವಿನ ಹಾಡುಗಳು ಹಿಗ್ಗಿದ್ದು, ಒಂದೇ ತಾಳ ಮರಳಿ ಮರಳಿ ಬರುವುದು ಮಾತ್ರ ಸಮರ್ಥಿಸಲಾಗದ ದೋಷ. ಕತ್ತರಿ ಇನ್ನಷ್ಟು ಹರಿತವಾಗಿರಬೇಕಿತ್ತು. ಆದರೂ ದಾಖಲೆಯಿಲ್ಲದ ಕಲಾವಿದನ ಬಗ್ಗೆ ಚಿತ್ರ ಮಾಡುವವರು ಪುರಾವೆ ಇದ್ದಂತೆ ನಟಿಸುವುದಕ್ಕಿಂತ, ಯುವಾಸಾನಂತೆ ರಾಜಾರೋಷವಾಗಿ ಕಲ್ಪಿಸುವುದು ಮೇಲು. ಹೇಯ್ಕೆಯವರ ಪತನದ ಕಥೆಯನ್ನು ಸ್ಥೂಲವಾಗಿಯಾದರೂ ತಿಳಿದುಕೊಂಡು ಈ ಚಿತ್ರ ನೋಡಿ. ಮೊದಲ ಹತ್ತು ನಿಮಿಷದ ಗೊಂದಲ ತಪ್ಪುತ್ತದೆ.